ಬೆನ್‌ಬಲ್ಬೆನ್: ಒಂಬತ್ತು ಹೆಜ್ಜೆ ದೂರದ ನೀರು

ಐರ್ಲೆಂಡ್ ದ್ವೀಪದ ವಾಯವ್ಯ ಕರಾವಳಿಯಲ್ಲಿರುವ ಸ್ಲೈಗೋ ಪಟ್ಟಣದಿಂದ ಉತ್ತರಕ್ಕೆ ಹೊರಟವರ ಬಲಗಡೆಗೆ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ನಿಂತಿರುವ ಬೆನ್‌ಬಲ್ಬೆನ್ ಬೆಟ್ಟದ ಎತ್ತರ ಸುಮಾರು 526 ಮೀಟರ್. ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅದೇ ದೇಶದ ಎಷ್ಟೋ ಬೆಟ್ಟಗಳು ಇದನ್ನು ಮೀರಿಸುತ್ತವೆ. ಆದರೆ ಒಮ್ಮೆ ಕಂಡವರು ಮರೆಯಲಾಗದ ಆಕಾರ ಇದರದು. ನೆತ್ತಿ ಹಲಗೆ ಹಾಸಿದಂತೆ ಮಟ್ಟಸವಾಗಿದ್ದು, ಪಶ್ಚಿಮದ ತುದಿ ನೇಗಿಲ ಗುಳದಂತೆ ಬಯಲಿನೊಳಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ಕಡಿದಾದ ಬಂಡೆಗೋಡೆ, ಗೋಡೆಯ ಕೆಳಗೆ ಸೀರೆಯ ನೆರಿಗೆಗಳಂತೆ ಸಾಲಾಗಿ ಇಳಿದ ಕೊರಕಲುಗಳು, ಅವುಗಳ ಕೆಳಗೆ ಕುರಿ ಮೇಯುವ ಹಸಿರು ಇಳಿಜಾರು. ಈ ಬೆಟ್ಟ ಹೊರಜಗತ್ತಿಗೆ ಪರಿಚಿತವಾದದ್ದು ಡಬ್ಲ್ಯೂ. ಬಿ. ಯೇಟ್ಸ್ ಅವರ ಕಾವ್ಯದಿಂದ ಎಂಬುದು ನಿಜವಾದರೂ, ಕವಿ ಬೆಟ್ಟಕ್ಕೆ ಕೀರ್ತಿ ತಂದುಕೊಟ್ಟರು ಎನ್ನುವುದಕ್ಕಿಂತ, ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕಥೆಗಳನ್ನೂ ಸಾವುಗಳನ್ನೂ ಹೊತ್ತು ನಿಂತಿದ್ದ ಬೆಟ್ಟದ ಬುಡದಲ್ಲಿ ಅವರು ತಮಗೂ ಆರಡಿ ಜಾಗ ಬೇಡಿಕೊಂಡರು ಎನ್ನುವುದೇ ಇತಿಹಾಸಕ್ಕೆ ಹತ್ತಿರವಾದ ಮಾತು.

ಐರಿಷ್ ಭಾಷೆಯಲ್ಲಿ ಈ ಬೆಟ್ಟದ ಹೆಸರು ಬಿನ್ ಗುಲ್ಬನ್. ಬಿನ್ ಎಂದರೆ ಶಿಖರ. ಗುಲ್ಬನ್ ಎಂಬುದಕ್ಕೆ ಕೊಕ್ಕು ಅಥವಾ ದವಡೆ ಎಂಬ ಅರ್ಥವನ್ನು ಹೇಳಲಾಗುತ್ತದೆ, ಮತ್ತು ಬೆಟ್ಟದ ಚಾಚಿದ ಮೂತಿಯನ್ನು ನೋಡಿದವರಿಗೆ ಆ ಅರ್ಥ ಒಪ್ಪಿಗೆಯಾಗುವುದು ಕಷ್ಟವಲ್ಲ. ಇನ್ನೊಂದು ಪರಂಪರೆ ಈ ಹೆಸರನ್ನು ಕೊನಲ್ ಗುಲ್ಬನ್ ಎಂಬ ರಾಜಕುಮಾರನ ಜೊತೆ ಜೋಡಿಸುತ್ತದೆ. ‘ಒಂಬತ್ತು ಒತ್ತೆಯಾಳುಗಳ ನಿಯಲ್’ ಎಂದು ಹೆಸರಾದ ಅರಸನ ಮಗನಾದ ಅವನು ಈ ಬೆಟ್ಟದ ಮಗ್ಗುಲಲ್ಲಿ ಸಾಕುಮಗನಾಗಿ ಬೆಳೆದನಂತೆ. ಹೀಗೆ ಹೆಸರೊಂದರ ಹಿಂದೆ ಕಥೆಯನ್ನಿಟ್ಟು ಕಾಪಾಡುವುದು ಮಧ್ಯಯುಗದ ಐರ್ಲೆಂಡಿನಲ್ಲಿ ಒಂದು ವಿದ್ಯೆಯೇ ಆಗಿತ್ತು. ಫಿಲಿ ಎಂದು ಕರೆಸಿಕೊಳ್ಳುತ್ತಿದ್ದ ಶಿಕ್ಷಿತ ಕವಿ ತನ್ನ ಓದಿನ ಭಾಗವಾಗಿಯೇ ಬೆಟ್ಟ, ಹೊಳೆ, ಕೋಟೆ, ದಿಣ್ಣೆಗಳ ಹೆಸರು ಹುಟ್ಟಿದ ಬಗೆಯನ್ನು ಗದ್ಯದಲ್ಲೂ ಪದ್ಯದಲ್ಲೂ ಕಲಿತಿರಬೇಕಿತ್ತು. ದಿನ್‌ಶನಖಸ್ ಎಂದು ಕರೆಯಲಾಗುವ ಈ ಸ್ಥಳಪುರಾಣಗಳ ರಾಶಿ 12ನೇ ಶತಮಾನದ ‘ಲೆನ್‌ಸ್ಟರ್ ಪುಸ್ತಕ’ ಮೊದಲಾದ ಹಸ್ತಪ್ರತಿಗಳಲ್ಲಿ ಇಂದಿಗೂ ಉಳಿದಿದೆ. 1824ರಲ್ಲಿ ಬ್ರಿಟಿಷ್ ಆಡಳಿತ ಇಡೀ ದ್ವೀಪದ ಭೂಮಾಪನವನ್ನು ಆರಂಭಿಸಿ, ಪ್ರತಿಯೊಂದು ಊರು ಗುಡ್ಡದ ಹೆಸರನ್ನೂ ಇಂಗ್ಲಿಷ್ ಅಕ್ಷರದ ಜೋಡಣೆಗೆ ಇಳಿಸಿದಾಗ, ಆ ಕೆಲಸಕ್ಕೆ ನೇಮಕವಾಗಿದ್ದ ವಿದ್ವಾಂಸ ಜಾನ್ ಓ’ಡೊನೊವನ್ ಊರೂರು ತಿರುಗಿ, ಹಳೆಯ ಉಚ್ಚಾರಣೆ ಬಲ್ಲ ಮುದುಕರನ್ನು ವಿಚಾರಿಸಿ, ಹೆಸರುಗಳ ಮೂಲರೂಪವನ್ನು ಬರೆದಿಟ್ಟುಕೊಂಡರು. ಅಷ್ಟು ಶ್ರಮದ ನಂತರವೂ ನಕ್ಷೆಯ ಮೇಲೆ ಉಳಿದದ್ದು ಸವೆದ ರೂಪಗಳೇ. ಗುಲ್ಬನ್ ಎಂಬುದು ಬಲ್ಬೆನ್ ಆಯಿತು. ಹೆಸರು ನಿಂತಿತು, ಹೆಸರಿನೊಳಗಿನ ಮಾತು ಬಹುಪಾಲು ಜನರಿಗೆ ಮೂಕವಾಯಿತು.

ಬೆಟ್ಟದ ಕಲ್ಲಿನ ಕಥೆಯನ್ನು ಸ್ವಲ್ಪದರಲ್ಲೇ ಹೇಳಬಹುದು. ಸುಮಾರು 32 ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಆಳವಿಲ್ಲದ ಬೆಚ್ಚನೆಯ ಸಮುದ್ರವಾಗಿದ್ದಾಗ ತಳದಲ್ಲಿ ಶೇಖರವಾದ ಕೆಸರು ಮೆದುವಾದ ಜೇಡಿಗಲ್ಲಾಗಿ, ಅದರ ಮೇಲೆ ಹವಳ ಚಿಪ್ಪುಗಳ ಸುಣ್ಣ ಗಟ್ಟಿಯಾದ ಸುಣ್ಣಕಲ್ಲಾಗಿ ಕೂತಿತು. ಹಿಮಯುಗದಲ್ಲಿ ಹಿಮನದಿಗಳು ಎರಡೂ ಕಡೆಯ ಕಣಿವೆಗಳನ್ನು ಕೊರೆದುಕೊಂಡು ಹೋದಾಗ ಕೆಳಗಿನ ಜೇಡಿಗಲ್ಲು ಜಾರಿ ಇಳಿಜಾರಾಯಿತು, ಮೇಲಿನ ಸುಣ್ಣಕಲ್ಲು ಜಾರದೆ ಗೋಡೆಯಾಗಿ ನಿಂತಿತು. ಬೆಟ್ಟಕ್ಕೆ ಇವತ್ತಿನ ಆಕಾರ ಬಂದದ್ದು ಈ ಎರಡು ಕಲ್ಲುಗಳ ಗುಣಭೇದದಿಂದ. ಈ ಬಂಡೆಗಳ ಸಂದಿಯಲ್ಲಿ ಬೆಳೆಯುವ, ಬೆರಳುದ್ದವೂ ಇಲ್ಲದ, ಐದು ಬಿಳಿ ಎಸಳಿನ ಅರೆನೇರಿಯಾ ಸಿಲಿಯೇಟಾ ಎಂಬ ಗಿಡ ಐರ್ಲೆಂಡಿನಲ್ಲಿ ಈ ಬೆಟ್ಟಸಾಲನ್ನು ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ.

ಬೆಟ್ಟವನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಮೊದಲು ನಿಲ್ಲುವುದು ಅದರ ನೈರುತ್ಯ ತಪ್ಪಲಿನ ಡ್ರಮ್‌ಕ್ಲಿಫ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿ ಹೆದ್ದಾರಿಯ ಒಂದು ಬದಿಗೆ ಮುರಿದು ಮೋಟಾದ ಒಂದು ದುಂಡುಗೋಪುರವೂ, ಇನ್ನೊಂದು ಬದಿಗೆ ಚರ್ಚಿನ ಅಂಗಳದಲ್ಲಿ ಬೈಬಲ್ಲಿನ ದೃಶ್ಯಗಳನ್ನು ಕೆತ್ತಿದ ಎತ್ತರದ ಕಲ್ಲುಶಿಲುಬೆಯೂ ಇವೆ. ದುಂಡುಗೋಪುರ ಎಂದರೆ ಮಧ್ಯಯುಗದ ಐರಿಷ್ ಮಠಗಳು ಗಂಟೆ ಬಾರಿಸಲು ಕಟ್ಟುತ್ತಿದ್ದ, ಕಿರಿದಾದ ನೀಳ ಕಲ್ಲಿನ ಕಂಬದಂಥ ಕಟ್ಟಡ. ಇಲ್ಲಿದ್ದ ಮಠವನ್ನು 574ರಲ್ಲಿ ಸಂತ ಕೊಲಂಬಾ ಸ್ಥಾಪಿಸಿದನೆಂದು ಪರಂಪರೆ ಹೇಳುತ್ತದೆ. ಅದೇ ಸಂತನ ಹೆಸರು ಹತ್ತಿರದ ಕೂಲ್‌ಡ್ರಮನ್ ಎಂಬಲ್ಲಿ 561ರ ಸುಮಾರಿಗೆ ನಡೆದ ಯುದ್ಧಕ್ಕೂ ಅಂಟಿಕೊಂಡಿದೆ. ಕೊಲಂಬಾ ತನ್ನ ಗುರುವಾದ ಫಿನಿಯನ್ ಬಳಿಯಿದ್ದ ಕೀರ್ತನೆಗಳ ಪುಸ್ತಕವನ್ನು ರಾತ್ರಿಯ ಹೊತ್ತು ಗುಟ್ಟಾಗಿ ನಕಲು ಮಾಡಿಕೊಂಡನೆಂದೂ, ನಕಲು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಅರಸ ಡಿಯರ್ಮಿಡ್ ಮಕ್ ಕೆರ್ವಲ್‌ನ ಮುಂದೆ ಬಂದಾಗ, ಕರು ಹಸುವಿನ ಒಡೆಯನಿಗೇ ಸೇರುವಂತೆ ಪ್ರತಿಯೂ ಮೂಲದ ಒಡೆಯನಿಗೇ ಸೇರತಕ್ಕದ್ದೆಂದು ಅವನು ತೀರ್ಪಿತ್ತನೆಂದೂ, ಇದರಿಂದ ಕೆರಳಿದ ಕೊಲಂಬಾ ತನ್ನ ಬಂಧುಕುಲವನ್ನು ಅರಸನ ಮೇಲೆ ಎತ್ತಿಕಟ್ಟಿದನೆಂದೂ 1532ರಲ್ಲಿ ಮಾನಸ್ ಓ’ಡೊನೆಲ್ ಬರೆಸಿದ ಸಂತಚರಿತ್ರೆ ವಿಸ್ತಾರವಾಗಿ ಹೇಳುತ್ತದೆ. ಯುದ್ಧದಲ್ಲಿ 3,000 ಮಂದಿ ಸತ್ತರೆಂಬುದು ದಂತಕಥೆಯ ಲೆಕ್ಕ. 563ರಲ್ಲಿ ಕೊಲಂಬಾ ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೊರಟುಹೋದದ್ದು ಆ ರಕ್ತದ ಪ್ರಾಯಶ್ಚಿತ್ತಕ್ಕಾಗಿ ಎಂದು ಅದೇ ಪರಂಪರೆ ನಂಬುತ್ತದೆ. ಯುದ್ಧಕ್ಕೆ ಪುಸ್ತಕವೇ ಕಾರಣವಾಯಿತೆಂಬುದನ್ನು ಇತಿಹಾಸಕಾರರು ಸಂದೇಹದಿಂದ ನೋಡುತ್ತಾರೆ. ಉತ್ತರದ ಮತ್ತು ದಕ್ಷಿಣದ ರಾಜಕುಲಗಳ ಅಧಿಕಾರದ ಪೈಪೋಟಿಯೇ ಸಾಕಷ್ಟು ಕಾರಣವಾಗಿತ್ತು. ಹಾಗಿದ್ದರೂ ಆ ನಕಲೇ ಇದು ಎಂದು ಶತಮಾನಗಳ ಕಾಲ ನಂಬಲಾಗಿದ್ದ ‘ಕಹಖ್’ ಎಂಬ ಹಸ್ತಪ್ರತಿ, ಅಂದರೆ ‘ಕಾದಾಳಿ’ ಎಂಬ ಹೆಸರಿನ ಪುಸ್ತಕ, 58 ಚರ್ಮದ ಹಾಳೆಗಳಷ್ಟು ಉಳಿದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಓ’ಡೊನೆಲ್ ಕುಲದವರು ಯುದ್ಧಕ್ಕೆ ಹೊರಡುವ ಮುನ್ನ ಅದನ್ನು ಸೈನ್ಯದ ಸುತ್ತ ಪ್ರದಕ್ಷಿಣೆಯಾಗಿ ಹೊತ್ತು ಸುತ್ತಿಸುತ್ತಿದ್ದರು.

ಡ್ರಮ್‌ಕ್ಲಿಫ್‌ಗೆ ಇಂದು ಬರುವ ಹೆಚ್ಚಿನವರು ಮಾತ್ರ ಕೊಲಂಬಾನಿಗಾಗಿ ಬರುವುದಿಲ್ಲ; ಯೇಟ್ಸರ ಸಮಾಧಿಗಾಗಿ ಬರುತ್ತಾರೆ. 1865ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಕವಿಗೆ ಸ್ಲೈಗೋ ತಾಯಿಯ ತವರು. ತಾಯಿಯ ತಂದೆ ವಿಲಿಯಂ ಪಾಲಕ್ಸ್‌ಫೆನ್ ಅಲ್ಲಿ ಹಡಗುಗಳ ವ್ಯಾಪಾರಿಯಾಗಿದ್ದರು. ತಂದೆಯ ಕಡೆಯಿಂದಲೂ ನಂಟಿತ್ತು. ಮುತ್ತಜ್ಜ ಜಾನ್ ಯೇಟ್ಸ್ 19ನೇ ಶತಮಾನದ ಮೊದಲರ್ಧದಲ್ಲಿ ಡ್ರಮ್‌ಕ್ಲಿಫ್ ಚರ್ಚಿನ ಪಾದ್ರಿಯಾಗಿದ್ದರು. ಆದರೆ ಬೆಟ್ಟದ ಕಥೆಗಳು ಯೇಟ್ಸರಿಗೆ ದಕ್ಕಿದ್ದು ಈ ಅನುಕೂಲಸ್ಥ ಪ್ರೊಟೆಸ್ಟಂಟ್ ಮನೆತನಗಳಿಂದಲ್ಲ. ಬಾಲಿಸೊಡೇರ್ ಊರಿನ ಸೋರುವ ಒಂಟಿಕೋಣೆಯ ಗುಡಿಸಲಿನಲ್ಲಿದ್ದ ಪ್ಯಾಡಿ ಫ್ಲಿನ್ ಎಂಬ ಮುದುಕ, ಸೋದರಮಾವ ಜಾರ್ಜ್ ಪಾಲಕ್ಸ್‌ಫೆನ್ ಮನೆಯಲ್ಲಿ ಕೆಲಸಕ್ಕಿದ್ದ ಮೇರಿ ಬ್ಯಾಟಲ್ ಎಂಬ ಹೆಂಗಸು, ಇಂಥವರ ಬಾಯಿಂದ ಕೇಳಿದ್ದನ್ನು ಅವರು 1888ರ ಜಾನಪದ ಕಥಾಸಂಕಲನದಲ್ಲೂ 1893ರ ‘ದಿ ಕೆಲ್ಟಿಕ್ ಟ್ವಿಲೈಟ್’ ಎಂಬ ಗದ್ಯಗ್ರಂಥದಲ್ಲೂ ಬರೆದಿಟ್ಟರು. ಆ ಗ್ರಂಥದ ಬಹುಭಾಗ ಮೇರಿ ಬ್ಯಾಟಲ್ ದಿನನಿತ್ಯ ಆಡುತ್ತಿದ್ದ ಮಾತೇ ಎಂದು ಕವಿಯೇ ಮುಂದೆ ಒಪ್ಪಿಕೊಂಡಿದ್ದಾರೆ. ಮನೆಗೆಲಸದ ಹೆಂಗಸಿನ ಋಣವನ್ನು ಹೀಗೆ ಹೆಸರು ಹಿಡಿದು ನೆನೆದದ್ದು ಸಣ್ಣ ಸಂಗತಿಯಲ್ಲ.

ಕವಿಯ ಕೊನೆಯ ಕವಿತೆಗಳಲ್ಲೊಂದಾದ, 1938ರಲ್ಲಿ ಬರೆದ ‘ಅಂಡರ್ ಬೆನ್ ಬಲ್ಬೆನ್’ ಒಂದು ಬಗೆಯ ಮರಣಶಾಸನ. ತನ್ನನ್ನು ಎಲ್ಲಿ ಹೂಳಬೇಕು, ಗೋರಿಗೆ ಅಮೃತಶಿಲೆಯ ಬದಲು ಅಲ್ಲೇ ಹತ್ತಿರದಲ್ಲಿ ಕಡಿದ ಸುಣ್ಣಕಲ್ಲನ್ನು ಬಳಸಬೇಕು, ಅದರ ಮೇಲೆ ಯಾವ ಸಾಲುಗಳನ್ನು ಕೊರೆಯಬೇಕು ಎಂಬುದನ್ನೆಲ್ಲ ಅದು ನಿರ್ದೇಶಿಸುತ್ತದೆ. ಶ್ರೀ ಪುರೋಹಿತ ಸ್ವಾಮಿಯವರ ಜೊತೆ ಕೂತು ಹತ್ತು ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದು 1937ರಲ್ಲಿ ಪ್ರಕಟಿಸಿದ್ದ ಕವಿಗೆ ಸಾವು ಮತ್ತು ಮರುಹುಟ್ಟಿನ ವಿಚಾರ ಆಗ ಅತ್ಯಂತ ನಿಕಟವಾಗಿತ್ತೆಂಬುದನ್ನು ಭಾರತೀಯ ಓದುಗರು ಇಲ್ಲಿ ನೆನೆಯಬಹುದು. 1939ರ ಜನವರಿ 28ರಂದು ಯೇಟ್ಸ್ ತೀರಿಕೊಂಡದ್ದು ದಕ್ಷಿಣ ಫ್ರಾನ್ಸಿನಲ್ಲಿ. ಸದ್ಯಕ್ಕೆಂದು ಅವರನ್ನು ರೊಕ್‌ಬ್ರೂನ್ ಊರಿನ ಸ್ಮಶಾನದಲ್ಲಿ ಹೂಳಲಾಯಿತು. ಅದೇ ವರ್ಷ ಆರಂಭವಾದ ಮಹಾಯುದ್ಧ ದಾರಿಯನ್ನು ಮುಚ್ಚಿತು. ಆ ನಡುವೆ ಅಲ್ಲಿನ ಗೋರಿಯ ಮೂಳೆಗಳನ್ನು ತೆಗೆದು ಸಾಮೂಹಿಕ ಅಸ್ಥಿಸಂಗ್ರಹಕ್ಕೆ ಸೇರಿಸಲಾಯಿತು. 1948ರ ಸೆಪ್ಟೆಂಬರಿನಲ್ಲಿ ಐರಿಷ್ ನೌಕಾಪಡೆಯ ‘ಮಾಖಾ’ ಎಂಬ ಹಡಗು ಕವಿಯ ಅವಶೇಷವನ್ನು ಗಾಲ್ವೇ ಬಂದರಿಗೆ ತಂದಿತು. ಸರ್ಕಾರದ ಪರವಾಗಿ ನಿಂತಿದ್ದ ವಿದೇಶಾಂಗ ಸಚಿವ ಶಾನ್ ಮಕ್‌ಬ್ರೈಡ್, ಯೇಟ್ಸ್ ಜೀವನದುದ್ದಕ್ಕೂ ಪ್ರೀತಿಸಿದ ಮಾಡ್ ಗಾನ್ ಅವರ ಮಗ. ಸೆಪ್ಟೆಂಬರ್ 17ರಂದು ಡ್ರಮ್‌ಕ್ಲಿಫ್‌ನಲ್ಲಿ ಎರಡನೆಯ ಸಲ ಮಣ್ಣು ಮುಚ್ಚಲಾಯಿತು. ಬಂದ ಮೂಳೆಗಳು ನಿಜವಾಗಿ ಕವಿಯವೇ ಎಂಬ ಅನುಮಾನ ಆಗಲೂ ಇತ್ತು, ಈಗಲೂ ಇದೆ. ಆದರೆ ಬೇಡಿದ ಬೆಟ್ಟ, ಬೇಡಿದ ಕಲ್ಲು, ಬೇಡಿದ ಸಾಲುಗಳು ಮೂರೂ ಅಲ್ಲಿರುವಾಗ, ಸಮಾಧಿಯ ಮುಂದೆ ನಿಂತವರಿಗೆ ಆ ಅನುಮಾನ ದೊಡ್ಡದಾಗಿ ತೋರುವುದಿಲ್ಲ.

ಚರ್ಚಿನ ಅಂಗಳದಿಂದ ಬೆಟ್ಟ ಕೈಗೆಟಕುವಂತೆ ಕಂಡರೂ ಅಲ್ಲಿಂದ ನೇರವಾಗಿ ಹತ್ತುವ ದಾರಿ ಇಲ್ಲ. ಉತ್ತರದ ಬಂಡೆಗೋಡೆ ನಡಿಗೆಯವರಿಗೆ ಸಲ್ಲದು. ಅದರ ಬುಡದ ಗೋರ್ಟರೋವಿ ಕಾಡಿನಲ್ಲಿ ಸುಮಾರು 5.5 ಕಿಲೋಮೀಟರಿನ ಒಂದು ಸುತ್ತುದಾರಿಯನ್ನು ಮಾಡಲಾಗಿದ್ದು, ಬೆಟ್ಟವನ್ನು ಹತ್ತದೆ ಅದರ ಮುಖವನ್ನು ನೋಡುತ್ತ ನಡೆಯಬಯಸುವವರಿಗೆ ಅದೇ ಸಾಕು. ನೆತ್ತಿಗೆ ಹೋಗುವವರು ದಕ್ಷಿಣದ ಇಳಿಜಾರಿನಿಂದ, ಕುರಿಗಳ ಜಾಡು ಹಿಡಿದು, ತೊರೆಯ ಪಕ್ಕದಲ್ಲಿ ಏರುತ್ತಾರೆ. ಆ ನೆಲವೆಲ್ಲ ರೈತರ ಸ್ವಂತ ಜಮೀನು ಇಲ್ಲವೆ ಹಲವು ರೈತಕುಟುಂಬಗಳ ಜಂಟಿ ಒಡೆತನದ ಹುಲ್ಲುಗಾವಲು. ಐರ್ಲೆಂಡಿನ ಕಾನೂನು ಬೆಟ್ಟಗಾಡಿನಲ್ಲಿ ಸ್ವೇಚ್ಛೆಯಾಗಿ ತಿರುಗುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲವಾದ್ದರಿಂದ, ನಡಿಗೆಯವರು ಅಲ್ಲಿ ಕಾಲಿಡುವುದು ಒಡೆಯರ ಸೌಜನ್ಯದಿಂದಲೇ. ಗೇಟು ಮುಚ್ಚುವುದು, ನಾಯಿಗಳನ್ನು ತರದಿರುವುದು ಈ ಕಾರಣದಿಂದ ಬರಿಯ ಶಿಷ್ಟಾಚಾರವಲ್ಲ. ದಕ್ಷಿಣದ ಮೈಯಲ್ಲಿ, ಬಯಲಿನಿಂದ ನೂರಾರು ಅಡಿ ಮೇಲೆ, ಸುಣ್ಣಕಲ್ಲಿನಲ್ಲಿ ಬಾಗಿಲಿನಷ್ಟು ಚೌಕದ ಒಂದು ಬಿಳಿ ಮಚ್ಚೆಯಿದೆ ಎಂದು ‘ದಿ ಕೆಲ್ಟಿಕ್ ಟ್ವಿಲೈಟ್’ ವರ್ಣಿಸುತ್ತದೆ; ಮನುಷ್ಯರ ಕೈ ಎಂದೂ ಮುಟ್ಟದ, ಕುರಿ ಮೇಕೆ ಎಂದೂ ಹತ್ತಿರ ಮೇಯದ ಆ ಚೌಕ ನಡುರಾತ್ರಿ ತೆರೆದು, ಒಳಗಿಂದ ಶೀ ಎಂಬ ಅಗೋಚರ ಜನ ದಂಡುಕಟ್ಟಿ ಹೊರಬರುತ್ತಾರೆಂಬುದು ಸ್ಥಳೀಯರ ನಂಬಿಕೆಯಾಗಿತ್ತು. ಶೀ ಎಂಬ ಪದಕ್ಕೆ ದಿಬ್ಬ ಎಂಬ ಅರ್ಥವೂ ಇದೆ. ದಿಬ್ಬಗಳೊಳಗೆ ವಾಸಿಸುವ ಈ ಜನರನ್ನು ಮಕ್ಕಳ ಕಥೆಯ ರೆಕ್ಕೆಯ ಕಿನ್ನರಿಯರೆಂದು ತಿಳಿಯುವುದು ತಪ್ಪು. ಅವರು ಹಳೆಯ ದೇವತೆಗಳ ಪಳೆಯುಳಿಕೆ, ಭಯಭಕ್ತಿಯಿಂದ ದೂರವಿಡಬೇಕಾದವರು.

ಬೆಟ್ಟದ ಎಲ್ಲ ಕಥೆಗಳಲ್ಲಿ ಹೆಚ್ಚು ಬಾಳಿದ್ದು, ಹೆಚ್ಚು ನೋಯಿಸುವುದು, ಡಿಯರ್ಮಿಡ್ ಮತ್ತು ಗ್ರಾನ್ಯರ ಕಥೆ. ಇದು ಫಿನ್ ಮಕ್ ಕೂಲ್ ಎಂಬ ನಾಯಕನ ಮತ್ತು ಫಿಯನ್ನಾ ಎಂಬ ಅವನ ಬೇಟೆಗಾರ ಯೋಧರ ಪಡೆಯ ಸುತ್ತ ಬೆಳೆದ ಕಥಾಚಕ್ರಕ್ಕೆ ಸೇರಿದ್ದು. ಜಿಂಕೆಯಾಗಿ ಮಾರ್ಪಟ್ಟಿದ್ದ ತಾಯಿಯಿಂದ ಅಗಲಿದ ತನ್ನ ಮಗ ಒಷೀನನನ್ನು ಫಿನ್ ಕಂಡುಕೊಂಡದ್ದೂ ಇದೇ ಬೆನ್‌ಬಲ್ಬೆನ್ ಮೇಲೆ. ಮಗನನ್ನು ಕೊಟ್ಟ ಬೆಟ್ಟವೇ ಅವನ ಹಗೆಯನ್ನೂ ಬಯಲು ಮಾಡಿತು. ವಯಸ್ಸಾದ ಫಿನ್‌ಗೆ ನಿಶ್ಚಯವಾಗಿದ್ದ ಗ್ರಾನ್ಯ ಮದುವೆಯ ಔತಣದಲ್ಲಿ ಹೆಚ್ಚಿನವರಿಗೆ ನಿದ್ದೆಯ ಮದ್ದು ಬೆರೆಸಿದ ಪಾನೀಯ ಕುಡಿಸಿ, ತರುಣ ಡಿಯರ್ಮಿಡ್‌ನ ಮೇಲೆ ಗೇಶ್ ಹೊರಿಸಿ, ತನ್ನನ್ನು ಕರೆದೊಯ್ಯುವಂತೆ ಕಟ್ಟಿಹಾಕುತ್ತಾಳೆ. ಗೇಶ್ ಎಂದರೆ ಮುರಿದರೆ ಮಾನ ಅಥವಾ ಪ್ರಾಣ ಹೋಗುವಂಥ ವಿಧಿನಿಷೇಧ. ವೀರನಾದವನು ಅದನ್ನು ಮೀರುವಂತಿಲ್ಲ. ಅವರಿಬ್ಬರೂ ದೇಶವೆಲ್ಲ ಅಲೆದು ಮಲಗಿದ ರಾತ್ರಿಗಳ ಗುರುತೆಂದು ಐರ್ಲೆಂಡಿನ ಹಲವಾರು ಶಿಲಾಯುಗದ ಕಲ್ಲುಮನೆ ಸಮಾಧಿಗಳನ್ನು ಜನ ಇಂದಿಗೂ ‘ಡಿಯರ್ಮಿಡ್ ಗ್ರಾನ್ಯರ ಹಾಸಿಗೆ’ ಎಂದು ಕರೆಯುತ್ತಾರೆ. ಬೆನ್‌ಬಲ್ಬೆನ್ ಸಾಲಿನ ಹಿಂಬದಿಯ ಗ್ಲೆನಿಫ್ ಕಣಿವೆಯ ಬಂಡೆಯಲ್ಲಿ ಎತ್ತರದಲ್ಲಿ ಬಾಯ್ದೆರೆದಿರುವ ಗವಿಗೂ ಅವರದೇ ಹೆಸರು.

ಕೊನೆಗೆ ಇಬ್ಬರೂ ಫಿನ್ ಜೊತೆ ರಾಜಿಯಾಗಿ, ಸ್ಲೈಗೋದ ದಕ್ಷಿಣದ ಕೆಶ್ ಕೊರನ್ ಸೀಮೆಯಲ್ಲಿ ಮನೆ ಕಟ್ಟಿ, ಮಕ್ಕಳೊಂದಿಗೆ 16 ವರ್ಷ ನೆಮ್ಮದಿಯಾಗಿ ಬಾಳುತ್ತಾರೆ. ಒಂದು ರಾತ್ರಿ ಬೇಟೆನಾಯಿಯ ಕೂಗು ಮೂರು ಸಲ ಕೇಳಿ, ಗ್ರಾನ್ಯ ಬೇಡವೆಂದರೂ ಬೆಳಗಾಗುತ್ತಲೇ ಡಿಯರ್ಮಿಡ್ ಹೊರಟು ಬೆನ್‌ಬಲ್ಬೆನ್ ನೆತ್ತಿಗೆ ಬರುತ್ತಾನೆ. ಅಲ್ಲಿ ಫಿನ್ ಒಬ್ಬನೇ ನಿಂತಿದ್ದಾನೆ. ಹಂದಿಯನ್ನು ಬೇಟೆಯಾಡಬಾರದೆಂಬ ನಿಷೇಧ ಡಿಯರ್ಮಿಡ್‌ಗೆ ಬಾಲ್ಯದಿಂದಲೇ ಇತ್ತು, ಏಕೆಂದರೆ ಅವನ ತಂದೆ ಕೊಂದ ಹುಡುಗನೊಬ್ಬ ಮಂತ್ರದ ಬಲದಿಂದ ಕಿವಿ ಬಾಲಗಳಿಲ್ಲದ ಕಾಡುಹಂದಿಯಾಗಿ, ಡಿಯರ್ಮಿಡ್‌ನಷ್ಟೇ ಆಯುಸ್ಸು ಪಡೆದು ಈ ಬೆಟ್ಟದಲ್ಲಿದ್ದ. ಹಂದಿ ಅವನನ್ನು ಸೀಳುತ್ತದೆ, ಅವನು ಅದನ್ನು ಕೊಲ್ಲುತ್ತಾನೆ. ಫಿನ್ ತನ್ನ ಬೊಗಸೆಯಲ್ಲಿ ತಂದು ಕುಡಿಸಿದ ನೀರು ಎಂಥ ಗಾಯವನ್ನೂ ಮಾಯಿಸಬಲ್ಲದೆಂದು ಗೊತ್ತಿದ್ದ ಡಿಯರ್ಮಿಡ್ ನೀರು ಬೇಡುತ್ತಾನೆ. ಈ ಬೆಟ್ಟದಲ್ಲಿ ತಾನು ಯಾವ ಒರತೆಯನ್ನೂ ಕಾಣೆನೆನ್ನುತ್ತಾನೆ ಫಿನ್. ಅವನಿಂದ ಒಂಬತ್ತು ಹೆಜ್ಜೆಯಲ್ಲೇ ಒಳ್ಳೆಯ ನೀರಿನ ಒರತೆಯಿದೆ ಎಂದು ಸಾಯುತ್ತಿರುವವನು ತೋರಿಸಿಕೊಡುತ್ತಾನೆ. ಎರಡು ಸಲ ಫಿನ್ ಬೊಗಸೆ ತುಂಬಿ ತಂದು, ಗ್ರಾನ್ಯಳ ನೆನಪಾಗಿ, ಬೆರಳ ಸಂದಿಯಿಂದ ನೀರನ್ನು ಸೋರಬಿಡುತ್ತಾನೆ. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಮೊಮ್ಮಗ ಆಸ್ಕರ್ ಸಿಟ್ಟಿನಿಂದ ಗದರಿದ ಮೇಲೆ ಮೂರನೆಯ ಸಲ ನೀರು ತರುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ಈ ಕಥೆಯ ಉಳಿದಿರುವ ಪೂರ್ಣ ಹಸ್ತಪ್ರತಿ 17ನೇ ಶತಮಾನದ್ದಾದರೂ ಅದರ ಎಳೆಗಳು 10ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ. ನಾಯಕನಾದವನು ಕತ್ತಿಯಿಂದಲ್ಲದೆ ನೀರು ತಡಮಾಡಿ ಕೊಲ್ಲುವುದು ಇಡೀ ಯುರೋಪಿನ ವೀರಕಥೆಗಳಲ್ಲಿ ಅಪರೂಪದ ಚಿತ್ರ. ಅದನ್ನು ಕಟ್ಟಿದವರು ಮನುಷ್ಯನ ಹೊಟ್ಟೆಕಿಚ್ಚನ್ನು ಬಲ್ಲವರು.

1922ರ ಸೆಪ್ಟೆಂಬರ್ 20ರಂದು ಈ ಬೆಟ್ಟದ ಮೇಲೆ ಮತ್ತೆ ಸಾವು ಬಿತ್ತು, ಈ ಸಲ ಕಥೆಯಲ್ಲಲ್ಲ. ಬ್ರಿಟನ್ನಿನೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ನಡುವೆ ಆ ವರ್ಷದ ಜೂನಿನಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ, ಒಪ್ಪಂದವಿರೋಧಿ ಪಡೆಯ ಆರು ಮಂದಿ ಸರ್ಕಾರಿ ಸೈನ್ಯ ಬೆನ್ನಟ್ಟಿದಾಗ ಬೆಟ್ಟವೇರಿ, ಅಲ್ಲೇ ಗುಂಡಿಗೆ ಬಲಿಯಾದರು. ಕಾದಾಟದಲ್ಲಿ ಸತ್ತರೆಂದು ಸೈನ್ಯ ಹೇಳಿತು. ಶರಣಾದ ಮೇಲೆ ಕೊಂದರೆಂದು ಅವರ ಸಂಗಡಿಗರು ಹೇಳಿದರು, ಸ್ಲೈಗೋದ ನೆನಪಿನಲ್ಲಿ ಉಳಿದದ್ದೂ ಅದೇ ಮಾತು. ಸತ್ತವರಲ್ಲಿ ಸಂಸತ್ತಿನ ಸದಸ್ಯ ಶೇಮಸ್ ಡೆವಿನ್ಸ್ ಒಬ್ಬರು, ಬ್ರಯನ್ ಮಕ್‌ನೀಲ್ ಎಂಬ ತರುಣ ಇನ್ನೊಬ್ಬ. ಬ್ರಯನ್ನನ ತಂದೆ ಓವೆನ್ ಮಕ್‌ನೀಲ್ ಆಗ ಅದೇ ಸರ್ಕಾರದಲ್ಲಿ ಶಿಕ್ಷಣ ಸಚಿವರು. ಇನ್ನಿಬ್ಬರು ಗಂಡುಮಕ್ಕಳು ಸರ್ಕಾರಿ ಸೈನ್ಯದಲ್ಲಿದ್ದರು. ಐರಿಷ್ ಭಾಷೆಯ ಉಳಿವಿಗಾಗಿ 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಈ ತಂದೆ ಪ್ರಾಚೀನ ಐರಿಷ್ ಇತಿಹಾಸದ ದೊಡ್ಡ ವಿದ್ವಾಂಸರು, ಮತ್ತು 1908ರಲ್ಲಿ ‘ಡ್ವಾನಿರೆ ಫಿನ್’ ಎಂಬ ಸಂಕಲನದ ಮೊದಲ ಭಾಗವನ್ನು ಸಂಪಾದಿಸಿ ಪ್ರಕಟಿಸಿದವರು ಅವರೇ. ಅದು ಫಿನ್ ಮತ್ತು ಫಿಯನ್ನಾ ಯೋಧರ ಕಥನಗೀತೆಗಳ ಸಂಕಲನ. ಹಾಳೆಯ ಮೇಲೆ ಒಂದೊಂದೇ ಅಕ್ಷರ ಬಿಡಿಸಿ ಆ ಪಡೆಯ ಪದ್ಯಗಳನ್ನು ಓದಿದ್ದ ವಿದ್ವಾಂಸನ ಮಗ, ಅದೇ ಪಡೆಯ ಅತಿ ಪ್ರಿಯ ವೀರ ಸತ್ತ ಬೆಟ್ಟದ ಮೇಲೆ, ತನ್ನವರ ಕೈಯಿಂದಲೇ ಸತ್ತ. ಅವರು ಬಿದ್ದಲ್ಲಿ ನೆಟ್ಟ ಸ್ಮಾರಕ ಶಿಲುಬೆ ಬೆಟ್ಟದ ಮೇಲೆ ಇಂದಿಗೂ ಇದೆ. ನೋಡಬೇಕಾದವರು ಡಾಂಬರು ರಸ್ತೆಯನ್ನು ದೂರ ಬಿಟ್ಟು ಕಾಲ್ನಡಿಗೆಯಲ್ಲೇ ಹೋಗಬೇಕು.

ನೆತ್ತಿಯ ಬಯಲನ್ನು ತಲುಪಿದವರಿಗೆ ಕೆಳಗಿನಿಂದ ಕಂಡ ಗಟ್ಟಿತನ ಅಲ್ಲಿ ಕಾಣುವುದಿಲ್ಲ. ಸುಣ್ಣಕಲ್ಲಿನ ಮೇಲೆ ಅಲ್ಲಿ ಪೀಟ್ ಹಾಸಿದೆ. ಪೀಟ್ ಎಂದರೆ ಸತ್ತ ಪಾಚಿ, ಹುಲ್ಲುಗಳು ಚಳಿ ಮತ್ತು ತೇವದಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿದ ಕಪ್ಪು ಮಣ್ಣು, ಒಣಗಿದರೆ ಒಲೆಗೆ ಸೌದೆಯಾಗುವಂಥದು. ಒದ್ದೆಯಾದ ಅರಳೆಯಂತೆ ಅದು ಮಳೆಯನ್ನು ಹೀರಿ ಹಿಡಿಯುತ್ತದೆ, ಮಂಡಿಯುದ್ದದ ಕಾಲುವೆಗಳಾಗಿ ಸೀಳಿಕೊಂಡಿರುತ್ತದೆ; ಮೋಡ ಇಳಿದ ದಿನ ಅಂಚು ಎಲ್ಲಿದೆಯೆಂದು ಗೊತ್ತಾಗದೆ ಹೆಜ್ಜೆಯಿಡುವುದು ಅಪಾಯ. ತಿಳಿಯಾದ ದಿನ ಉತ್ತರಕ್ಕೆ ಡೊನೆಗಾಲ್ ಕೊಲ್ಲಿಯೂ, 1588ರಲ್ಲಿ ಸ್ಪೇನಿನ ನೌಕಾದಂಡಿನ ಮೂರು ಹಡಗುಗಳು ಬಿರುಗಾಳಿಗೆ ಒಡೆದ ಸ್ಟ್ರೀಡಾ ಮರಳದಂಡೆಯೂ, ನೈರುತ್ಯಕ್ಕೆ ಮೇವ್ ರಾಣಿಯ ಗೋರಿಯೆಂದು ಹೇಳಲಾಗುವ ಕಲ್ಲುರಾಶಿಯನ್ನು ಹೊತ್ತ ನಾಕ್‌ನರೇ ಬೆಟ್ಟವೂ ಕಾಣುತ್ತವೆ. ಪೀಟ್ ಬಿಟ್ಟುಕೊಟ್ಟ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಕೆಳಗಿನ ಜೇಡಿಗಲ್ಲು ತಡೆದಲ್ಲಿ ಒರತೆಯಾಗಿ ಹೊರಬೀಳುತ್ತದೆ. ದಕ್ಷಿಣದ ಗ್ಲೆನ್‌ಕಾರ್ ಕಣಿವೆಗೆ ಧುಮುಕುವ ಒಂದು ಜಲಪಾತವನ್ನು ಎದುರುಗಾಳಿ ತಡೆದು ಮೇಲಕ್ಕೇ ತೂರುವುದರಿಂದ, ಏರಿಗೆದುರಾದ ಹೊಳೆ ಎಂಬ ಅರ್ಥದ ಐರಿಷ್ ಹೆಸರು ಅದಕ್ಕಿದೆ. ಫಿನ್ ಒರತೆಯೇ ಇಲ್ಲವೆಂದ ಈ ನೆತ್ತಿಯಲ್ಲಿ ನಡೆಯುವವರ ಬೂಟು, ಬೇಸಿಗೆಯ ದಿನಗಳಲ್ಲೂ, ಒಂಬತ್ತು ಹೆಜ್ಜೆ ಇಡುವುದರೊಳಗೆ ನೀರು ಕುಡಿದಿರುತ್ತದೆ.